ಕಾಲಿಂಗ್ ಬೆಲ್ ಮೇಲಿನ ಟೇಪು: ದಾವಣಗೆರೆಯ ಒಂದು ಮನೆ ಹುಡುಕಾಟದ ಪ್ರಕರಣ

ಒಂದು ಕುಟುಂಬಕ್ಕೆ ಒಂಬತ್ತು ಮನೆ ತೋರಿಸಿದೆವು. ಒಂಬತ್ತೂ ಬೇಡವೆಂದರು. ಹತ್ತನೆಯದನ್ನು ತೋರಿಸಿ ಮಾನ ಕಳೆದುಕೊಂಡೆವು. ಕೊನೆಗೆ ಅವರು ಕೊಂಡ ಮನೆ ಮೊದಲ ದಿನದಿಂದಲೂ ನಮ್ಮ ಕಂಪ್ಯೂಟರಿನಲ್ಲೇ ಇತ್ತು. ಹುಡುಕಿದಾಗೆಲ್ಲ ಸಾಫ್ಟ್‌ವೇರ್ ಅದನ್ನು ಪಕ್ಕಕ್ಕೆ ಸರಿಸುತ್ತಿತ್ತು. ಸರಿಸು ಅಂತ ಅದಕ್ಕೆ ಹೇಳಿದ್ದು ನಾವೇ.

ಇದು 2025ರ ಯುಗಾದಿ ಮುಗಿದ ಮೇಲೆ ಶುರುವಾಗಿ ಕಾರ್ತಿಕದಲ್ಲಿ ಗೃಹಪ್ರವೇಶದವರೆಗೆ ಬಂದ ಕಥೆ. ಮನೆ ಮಾರಿಸುವ ಕೆಲಸದಲ್ಲಿರುವವರಿಗೆ, ಈಗಷ್ಟೇ ಸಾಫ್ಟ್‌ವೇರ್ ಹಾಕಿಸಿಕೊಂಡವರಿಗೆ ಉಪಯೋಗ ಆಗಬಹುದು ಅಂತ ಪೂರ್ತಿ ಬರೆಯುತ್ತಿದ್ದೇನೆ. ಮನೆ ಹುಡುಕುತ್ತಿರುವವರೂ ಓದಬಹುದು. ಬ್ರೋಕರ್ ಮುಂದೆ ಏನು ಬಾಯಿಬಿಟ್ಟು ಹೇಳಬೇಕು ಅನ್ನೋದು ಇದರಲ್ಲಿದೆ.

ನಮ್ಮದು ಪಿ.ಜೆ. ಬಡಾವಣೆಯಲ್ಲಿ ಸಣ್ಣ ಆಫೀಸು. ನಾನು, ಫೋನು-ಫೈಲು ನೋಡಿಕೊಳ್ಳುವ ಒಬ್ಬ ಹುಡುಗಿ, ಸ್ಕೂಟರಿನಲ್ಲಿ ಓಡಾಡಿ ಮನೆ ತೋರಿಸುವ ಒಬ್ಬ ಹುಡುಗ. ಇಷ್ಟೇ ಜನ. ಮೊದಲೆಲ್ಲ ಎರಡು ಲಾಂಗ್ ಬುಕ್ ಇದ್ದವು. ಮನೆ ಕೊಡುವವರದ್ದು ಒಂದು, ಮನೆ ಬೇಕೆನ್ನುವವರದ್ದು ಇನ್ನೊಂದು. ಎರಡನ್ನೂ ಕೂಡಿಸುವ ಕೆಲಸ ನನ್ನ ತಲೆಯದ್ದು. ನೂರು ಮನೆ ದಾಟಿದ ಮೇಲೆ ತಲೆ ಕೈಕೊಟ್ಟಿತು. ತಿಂಗಳ ಬಾಡಿಗೆಯ ಮೇಲೆ ಸಾಫ್ಟ್‌ವೇರ್ ತೆಗೆದುಕೊಂಡೆವು.

ಅದರ ಕೆಲಸ ಕೇಳಲು ಸುಲಭ. ಮನೆಯ ಒಂದು ದಾಖಲೆ, ಗಿರಾಕಿಯ ಒಂದು ದಾಖಲೆ. ಎರಡರಲ್ಲೂ ಒಂದೇ ಥರದ ಕಾಲಂ: ಬೆಲೆ, ಏರಿಯಾ, ಬಾಗಿಲು ಯಾವ ದಿಕ್ಕಿಗೆ, ಸೈಟಿನ ಅಳತೆ, ಎಷ್ಟು ಬೆಡ್‌ರೂಂ, ಕಾರು ನಿಲ್ಲಿಸಲು ಜಾಗ. ಕೆಲವು ಕಾಲಂ ಜರಡಿಯ ಹಾಗೆ. ಕೂಡದಿದ್ದರೆ ಮನೆ ಪಟ್ಟಿಯಿಂದಲೇ ಹೊರಗೆ. ಉಳಿದವಕ್ಕೆ ಅಂಕ. ಕೂಡಿದ ಅಂಕ ಜಾಸ್ತಿ ಇದ್ದ ಮನೆ ಮೇಲೆ ಬರುತ್ತದೆ. ಹೊಸ ಮನೆ ಬಂದು ಸೇರಿದರೆ ಅದಕ್ಕೆ ಹೊಂದುವ ಗಿರಾಕಿಗಳನ್ನು ತಾನೇ ಹುಡುಕಿ ವಾಟ್ಸಾಪ್ ಮೆಸೇಜ್ ಕಳಿಸುತ್ತದೆ. ಯಾವುದು ಜರಡಿ, ಯಾವುದಕ್ಕೆ ಎಷ್ಟು ಅಂಕ ಅನ್ನೋದನ್ನು ಆಫೀಸಿನವರು ಕೂರಿಸಬೇಕು. ನಾವು ಕೂರಿಸಿರಲಿಲ್ಲ. ಕಂಪನಿಯವರು ಕೊಟ್ಟ ಹಾಗೇ ಬಿಟ್ಟಿದ್ದೆವು. ಅದರಲ್ಲಿ ದಿಕ್ಕೂ ಬೆಡ್‌ರೂಮೂ ಜರಡಿಗಳಾಗಿದ್ದವು.

ಬಂದವರು ಯಾರು

ಯಜಮಾನರು ಎಂಜಿನಿಯರಿಂಗ್ ಕಾಲೇಜಿನಲ್ಲಿ ಲೆಕ್ಚರರ್. ಹೆಂಡತಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಪಿಯುಸಿ ಓದುವ ಮಗಳು. ಯಜಮಾನರ ತಾಯಿ, ಎಪ್ಪತ್ತು ದಾಟಿದ ಅಜ್ಜಿ. ಬಾಡಿಗೆ ಮನೆಯಲ್ಲಿದ್ದರು.

ಮೊದಲ ದಿನ ಆಫೀಸಿಗೆ ಬಂದಿದ್ದು ಸರ್ ಒಬ್ಬರೇ. ನಮ್ಮ ಹುಡುಗಿ ಕೇಳಿದಳು, ಅವರು ಹೇಳಿದರು. ವಿದ್ಯಾನಗರ ಇಲ್ಲವೇ ಎಂಸಿಸಿ ಬಿ ಬ್ಲಾಕ್. ಈಸ್ಟ್ ಫೇಸಿಂಗ್. 30-40 ಸೈಟು. ಮೂರು ಬೆಡ್‌ರೂಂ. ಕಾರ್ ಪಾರ್ಕಿಂಗ್. 60 ಲಕ್ಷದೊಳಗೆ. ಐದು ನಿಮಿಷದಲ್ಲಿ ಫಾರಂ ತುಂಬಿತು. ಫಾರಂನಲ್ಲಿ ಒಂದೇ ಫೋನ್ ನಂಬರಿಗೆ ಜಾಗ ಇತ್ತು. ಸರ್ ನಂಬರ್ ಹಾಕಿದಳು.

ಈಗ ಯೋಚಿಸಿದರೆ ಆ ಐದು ನಿಮಿಷದಲ್ಲೇ ಎಲ್ಲ ತಪ್ಪೂ ಆಗಿಹೋಗಿತ್ತು.

ಬಟನ್ ಒತ್ತಿದಾಗ ಮೂರು ಮನೆ ಬಂದವು. ಒಂದು ನಾಲ್ಕು ತಿಂಗಳ ಹಿಂದೆಯೇ ಮಾರಾಟ ಆಗಿತ್ತು, ನಾವು ತೆಗೆದಿರಲಿಲ್ಲ. ಉಳಿದ ಎರಡೂ ಒಂದೇ ಮನೆ! ಮಾಲೀಕರು ಒಂದು ಸಲ ಹೇಳಿದ್ದರು, ಅವರ ಮಗ ಇನ್ನೊಂದು ನಂಬರಿನಿಂದ ಇನ್ನೊಂದು ಸಲ ಹೇಳಿದ್ದ. ಒಂದರಲ್ಲಿ 30-40 ಅಂತಲೂ ಇನ್ನೊಂದರಲ್ಲಿ 1200 ಚದರ ಅಡಿ ಅಂತಲೂ ಬರೆದಿದ್ದರಿಂದ ಸಾಫ್ಟ್‌ವೇರ್‌ಗೆ ಎರಡು ಮನೆ ಅನ್ನಿಸಿತ್ತು. ಇನ್ನೊಂದು ತಮಾಷೆ ಎಂದರೆ ವಿದ್ಯಾನಗರದ ಹನ್ನೆರಡು ಮನೆ ಹುಡುಕಾಟಕ್ಕೇ ಸಿಕ್ಕಿರಲಿಲ್ಲ. ಕೆಲವನ್ನು ಕನ್ನಡದಲ್ಲಿ, ಕೆಲವನ್ನು ಇಂಗ್ಲಿಷಿನಲ್ಲಿ ಬರೆದಿದ್ದೆವು. ಇಂಗ್ಲಿಷಿನಲ್ಲೂ ಕೊನೆಗೆ ಎ ಹಾಕಿ ಕೆಲವು, ಹಾಕದೆ ಕೆಲವು. ನಮ್ಮ ಹುಡುಗನಂತೂ ಎರಡು ಮನೆಗೆ ಏರಿಯಾ ಕಾಲಂನಲ್ಲಿ 'ಲಾಸ್ಟ್ ಬಸ್ ಸ್ಟಾಪ್' ಅಂತ ಬರೆದಿದ್ದ. ಊರಿನವರಿಗೆ ಅದು ವಿದ್ಯಾನಗರ ಅಂತ ಗೊತ್ತು. ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು? ಏರಿಯಾ ಕಾಲಂ ಅನ್ನು ಬರೆಯುವುದರಿಂದ ಆರಿಸುವುದಕ್ಕೆ ಬದಲಾಯಿಸಿದೆವು. ಪಟ್ಟಿಯಲ್ಲಿ ಇರುವ ಹೆಸರನ್ನಷ್ಟೇ ಹಾಕಲು ಸಾಧ್ಯ. ಅರ್ಧ ದಿನದ ಕೆಲಸ. ಮೂರು ವರ್ಷದಿಂದ ಮಾಡಿರಲಿಲ್ಲ.

ಆಮೇಲೆ ಷರತ್ತು ಸಡಿಲ ಮಾಡಿದೆವು. ಅಕ್ಕಪಕ್ಕದ ಬಡಾವಣೆಗಳೂ ಸೇರಲಿ, ನಾರ್ತ್ ಫೇಸಿಂಗ್ ಕೂಡ ಇರಲಿ, ಬೆಲೆ ಹತ್ತು ಪರ್ಸೆಂಟ್ ಮೇಲೆ ಹೋಗಲಿ. ಈ ಬೆಲೆಯ ವಿಷಯ ಮುಖ್ಯ. ನಮ್ಮೂರಲ್ಲಿ ಯಾವ ಮಾಲೀಕರೂ ಮೊದಲು ಹೇಳಿದ ರೇಟಿಗೆ ಮಾರುವುದಿಲ್ಲ. ಎದುರು ಕೂತು ಚೌಕಾಸಿ ಮಾಡಿದರೆ ಇಳಿಯುತ್ತದೆ. 60 ಲಕ್ಷಕ್ಕೆ ಗೆರೆ ಎಳೆದರೆ, 63 ಅಂತ ಹೇಳಿ 58ಕ್ಕೆ ಕೊಡುವ ಮನೆ ಕಣ್ಣಿಗೇ ಬೀಳುವುದಿಲ್ಲ. ಸಡಿಲ ಮಾಡಿದ ಮೇಲೆ 26 ಮನೆ ಬಂದವು.

ಒಂಬತ್ತು ಸಲ 'ಇಷ್ಟ ಆಗಲಿಲ್ಲ'

ಏಪ್ರಿಲ್‌ನಿಂದ ಜೂನ್‌ವರೆಗೆ ಅದರಲ್ಲಿ ಒಂಬತ್ತು ಮನೆ ತೋರಿಸಿದೆವು. ಭಾನುವಾರ ಬೆಳಿಗ್ಗೆ, ನಾಲ್ಕೂ ಜನ ಕಾರಿನಲ್ಲಿ ಬರುತ್ತಿದ್ದರು. ನೋಡುತ್ತಿದ್ದರು. ಹೋಗುತ್ತಿದ್ದರು. ಸಂಜೆ ಸರ್ ಫೋನ್ ಮಾಡಿ, "ಮನೆ ಚೆನ್ನಾಗೈತ್ರಿ, ಯಾಕೋ ಮನಸ್ಸಿಗೆ ಬರ್ಲಿಲ್ಲ" ಅನ್ನುತ್ತಿದ್ದರು. ನಮ್ಮ ಹುಡುಗ ಫಲಿತಾಂಶದ ಕಾಲಂನಲ್ಲಿ 'ಇಷ್ಟ ಆಗಲಿಲ್ಲ' ಅಂತ ಹಾಕುತ್ತಿದ್ದ. ಒಂಬತ್ತು ಸಲವೂ ಅದೇ.

ಆರನೇ ಮನೆ ಆದ ಮೇಲೆ ನನಗೆ ಅನುಮಾನ ಶುರುವಾಯಿತು. ಸುಮ್ನೆ ಮನೆ ನೋಡುವ ಹವ್ಯಾಸದವರೂ ಇರುತ್ತಾರೆ, ಅಲ್ವಾ? ಅಂಥವರ ಪಟ್ಟಿಗೆ ಇವರನ್ನು ಸೇರಿಸುವುದರಲ್ಲಿದ್ದೆ. ಸೇರಿಸಿದ್ದರೆ ಈ ಪ್ರಕರಣ ಅಲ್ಲಿಗೇ ಮುಗಿಯುತ್ತಿತ್ತು. ತಪ್ಪು ಅವರ ಮೇಲೆ ಉಳಿಯುತ್ತಿತ್ತು.

ಜೂನ್ ಮೂರನೇ ವಾರ ಯಾವುದೋ ಮನೆಯ ಕಾಗದಪತ್ರದ ಜೆರಾಕ್ಸ್ ಕೊಡಲು ಅವರ ಬಾಡಿಗೆ ಮನೆಗೆ ಹೋದೆ. ಮಧ್ಯಾಹ್ನ ಎರಡು ಗಂಟೆ. ಬೆಲ್ ಒತ್ತಲು ಕೈ ಎತ್ತಿದೆ. ಬೆಲ್ಲಿನ ಸ್ವಿಚ್ ಮೇಲೆ ಅಡ್ಡಡ್ಡ ಕಪ್ಪು ಟೇಪು ಸುತ್ತಿತ್ತು. ಬಾಗಿಲು ತಟ್ಟುವ ಮೊದಲೇ ಅಜ್ಜಿ ತೆಗೆದರು, ತುಟಿ ಮೇಲೆ ಬೆರಳಿಟ್ಟು. "ಸೊಸೆ ಮಲಗ್ಯಾಳಪ್ಪಾ. ರಾತ್ರಿ ಪಾಳಿ. ಮೆಲ್ಲಗೆ ಮಾತಾಡು." ಒಳಗೆ ಕಿಟಕಿಗೆಲ್ಲ ದಪ್ಪ ಪರದೆ. ಟಿವಿ ಇಲ್ಲ, ಮಿಕ್ಸಿ ಇಲ್ಲ. ಮಗಳು ಅಡುಗೆಮನೆಯ ಬಾಗಿಲು ಹಾಕಿಕೊಂಡು ಓದುತ್ತಿದ್ದಳು. ಅಜ್ಜಿ ಗೋಡೆ ಹಿಡಿದುಕೊಂಡು ನಡೆದು, ಒಗ್ಗರಣೆ ಮಂಡಕ್ಕಿ ತಂದಿಟ್ಟರು. ಅದನ್ನು ತಿನ್ನುವ ಸದ್ದಿಗೂ ನನಗೆ ಮುಜುಗರ ಆಯಿತು.

ಆಫೀಸಿಗೆ ಬಂದು ಒಂಬತ್ತು ಭೇಟಿಗಳ ದಾಖಲೆ ತೆಗೆದು ಕೂತೆ. ಕಾರಣದ ಕಾಲಂ ಉಪಯೋಗಕ್ಕೆ ಬರಲಿಲ್ಲ, ಎಲ್ಲದರಲ್ಲೂ ಒಂದೇ ಮಾತು. ಆದರೆ ಸಾಫ್ಟ್‌ವೇರ್ ನಾವು ಕೇಳದೇ ಇನ್ನೊಂದನ್ನು ಬರೆದಿಟ್ಟಿತ್ತು. ಹುಡುಗನ ಮೊಬೈಲಿನಲ್ಲಿ 'ಭೇಟಿ ಶುರು', 'ಭೇಟಿ ಮುಗಿಯಿತು' ಅಂತ ಎರಡು ಬಟನ್ ಇವೆ. ಪೆಟ್ರೋಲ್ ಲೆಕ್ಕಕ್ಕೆ ಅಂತ ಒತ್ತಿಸುತ್ತಿದ್ದೆ. ಆ ಸಮಯ ನೋಡಿದರೆ ಒಂಬತ್ತು ಮನೆ ಎರಡು ಗುಂಪಾಗಿದ್ದವು. ನಾಲ್ಕು ಮನೆಯಲ್ಲಿ ಅವರು ಹತ್ತು ನಿಮಿಷವೂ ನಿಂತಿರಲಿಲ್ಲ. ನಾಲ್ಕರಲ್ಲಿ ಅರ್ಧ ಗಂಟೆಯ ಮೇಲೆ ಇದ್ದರು. ಇನ್ನೊಂದಕ್ಕೆ ಬೀಗದ ಕೈ ಸಿಗದೆ ಹೊರಗಿನಿಂದ ನೋಡಿದ್ದರು, ಅದನ್ನು ಬಿಡಿ.

ಹುಡುಗನನ್ನು ಕೂರಿಸಿಕೊಂಡು ಕೇಳಿದೆ. ಬೇಗ ಮುಗಿದ ನಾಲ್ಕು ಮನೆ ಎಲ್ಲಿದ್ದವು? ಒಂದರ ಎದುರು ಶಾಲೆ. ಒಂದರ ಕಾಂಪೌಂಡಿಗೆ ಹಿಟ್ಟಿನ ಗಿರಣಿ. ಒಂದರ ಮುಂದೆ ವೆಲ್ಡಿಂಗ್ ಶಾಪು. ಒಂದು ಕಲ್ಯಾಣ ಮಂಟಪದ ಹಿಂಬದಿ ಗೋಡೆಗೇ ತಾಗಿತ್ತು. "ಸಿಸ್ಟರ್ ಒಳಗೇ ಬರ್ತಿರ್ಲಿಲ್ಲಣ್ಣ. ಕಾರಿಂದ ಇಳಿದು ರಸ್ತೆ ಆ ಕಡೆ ಈ ಕಡೆ ನೋಡಿ, ಗೇಟ್ ಹತ್ರನೇ ನಿಂತಿರ್ತಿದ್ರು" ಅಂದ.

ನಮ್ಮಪ್ಪ ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಕೊಳ್ಳುವವನು ಚೀಲದೊಳಗೆ ಕೈ ಹಾಕಿ ಹಿಡಿ ಕಾಳು ತೆಗೆದು, ಒಂದನ್ನು ಕಟಕ್ ಅಂತ ಕಚ್ಚುತ್ತಿದ್ದ. ಹಸಿ ಎಷ್ಟಿದೆ ಅಂತ ಹಲ್ಲೇ ಹೇಳುತ್ತಿತ್ತು. ರೇಟಿನ ಮಾತು ಆಮೇಲೆ. ಸಿಸ್ಟರ್ ಗೇಟ್ ಹತ್ತಿರ ನಿಂತು ಮಾಡುತ್ತಿದ್ದದ್ದು ಅದನ್ನೇ. ಕಾಳು ಕಚ್ಚಿ ನೋಡುತ್ತಿದ್ದರು. ನಾವು ಚೀಲದ ಮೇಲಿನ ಚೀಟಿ ಓದುತ್ತಾ ಇದ್ದೆವು.

ಇನ್ನು ಅರ್ಧ ಗಂಟೆ ನಿಂತ ನಾಲ್ಕು ಮನೆ. ಅವೆಲ್ಲ ಡ್ಯೂಪ್ಲೆಕ್ಸ್. 30-40 ಸೈಟಿನಲ್ಲಿ ಕಾರಿಗೂ ಜಾಗ ಬಿಟ್ಟು ಮೂರು ಬೆಡ್‌ರೂಂ ಮಾಡಬೇಕೆಂದರೆ ಮೇಲೆ ಕಟ್ಟಲೇಬೇಕು. ಕೆಳಗೆ ಹಾಲು, ಅಡುಗೆಮನೆ, ದೇವರಮನೆ. ಮಲಗುವ ಕೋಣೆ ಮೇಲೆ. ಮಗಳಿಗೆ ಬಾಲ್ಕನಿ ಇಷ್ಟ ಆಗುತ್ತಿತ್ತು, ಸರ್ ಅಳತೆ ಹಿಡಿಯುತ್ತಿದ್ದರು. ಅಜ್ಜಿ? ಹುಡುಗ ಸ್ವಲ್ಪ ಹೊತ್ತು ಯೋಚಿಸಿ ಹೇಳಿದ: "ಅಜ್ಜಿ ಪ್ರತಿ ಮನೇಲೂ ಎರಡನೇ ಮೆಟ್ಟಿಲ ಮೇಲೆ ಕೂತ್ಕೊಂಬಿಡ್ತಿದ್ರು." ಮೇಲೆ ಹತ್ತಿದ್ದನ್ನು ಅವನು ಒಂದು ಸಲವೂ ನೋಡಿರಲಿಲ್ಲ.

ಸೊಸೆಯ ನಿದ್ದೆಯ ವಿಷಯ ಸರ್ ಯಾಕೆ ಹೇಳಲಿಲ್ಲ? ನನಗನ್ನಿಸುವುದು ಇಷ್ಟು. ಮನೆಯಲ್ಲಿ ದಿನವೂ ಇರುವ ತೊಂದರೆ ತೊಂದರೆ ಅಂತ ಅನ್ನಿಸುವುದಿಲ್ಲ. ಟೇಪು ಅಂಟಿಸಿ ವರ್ಷಗಳಾಗಿರುತ್ತವೆ. ಜೊತೆಗೆ, ಹಗಲು ಮಲಗಬೇಕು ಅಂತ ಹೇಳಿಕೊಳ್ಳಲು ಹೆಣ್ಣುಮಕ್ಕಳಿಗೆ ನಮ್ಮಲ್ಲಿ ಈಗಲೂ ಸಂಕೋಚ. ಮಂಡಿನೋವಿಗೋಸ್ಕರ ಮಗನ ಕನಸಿನ ಮನೆ ಬೇಡ ಅನ್ನಲು ಅಜ್ಜಿಗೂ ಸಂಕೋಚ. ಎಲ್ಲರೂ ಸೇರಿ 'ಮನಸ್ಸಿಗೆ ಬರ್ಲಿಲ್ಲ' ಅಂತ ಒಂದು ಮಾತಿಗೆ ಒಪ್ಪಿಕೊಂಡಿದ್ದರು.

ಫಾರಂ ಮತ್ತೆ ತುಂಬಿದ್ದು

ಈ ಸಲ ಮೂರೂ ದೊಡ್ಡವರನ್ನು ಕೂರಿಸಿಕೊಂಡು, ಸಿಸ್ಟರ್‌ಗೆ ರಜೆ ಇದ್ದ ದಿನ, ಅವರ ಮನೆಯಲ್ಲೇ ಫಾರಂ ತುಂಬಿದೆ. ಒಂದೊಂದು ಬೇಡಿಕೆಯ ಮುಂದೆ ಎರಡು ಪ್ರಶ್ನೆ ಕೇಳಿದೆ. ಇದನ್ನು ಕೇಳಿದ್ದು ಯಾರು? ಇದು ಇಲ್ಲದಿದ್ದರೆ ಮನೆ ಬೇಡವೋ, ಇದ್ದರೆ ಒಳ್ಳೆಯದೋ?

ಈಸ್ಟ್ ಫೇಸಿಂಗ್ ಕೇಳಿದ್ದು ಸರ್ ಅವರ ಅಣ್ಣ. ಅವರು ಹರಿಹರದಲ್ಲಿರುತ್ತಾರೆ. ಈ ಮನೆಯಲ್ಲಿ ಇರುವವರೇ ಅಲ್ಲ! "ಸೌತ್ ಒಂದು ಬೇಡ ನೋಡಪ್ಪಾ, ಉಳಿದಿದ್ದು ಯಾವುದಾದ್ರೂ ಸೈ" ಅಂತ ಅಜ್ಜಿ ಒಂದೇ ಮಾತಿನಲ್ಲಿ ತೀರ್ಮಾನ ಕೊಟ್ಟರು. ವಿದ್ಯಾನಗರ ಕೇಳಿದ್ದು ಸರ್, ಕಾಲೇಜಿನ ಸಹೋದ್ಯೋಗಿಗಳೆಲ್ಲ ಅಲ್ಲಿದ್ದಾರೆ ಅಂತ. ಮೂರು ಬೆಡ್‌ರೂಂ ಬೇಕಾಗಿದ್ದು ಮಗಳು ಓದಲು. ಅಂದರೆ ಬೇಕಾಗಿದ್ದು ಬಾಗಿಲಿರುವ ಒಂದು ಕೋಣೆ. 60 ಲಕ್ಷ ಅಂದದ್ದು ಮನೆಗೋ, ರಿಜಿಸ್ಟ್ರೇಷನ್ ಎಲ್ಲ ಸೇರಿಯೋ ಅಂತ ಕೇಳಿದೆ. ಸರ್ ಆ ಲೆಕ್ಕವನ್ನೇ ಹಾಕಿರಲಿಲ್ಲ. ಸ್ಟಾಂಪ್ ಡ್ಯೂಟಿ 5 ಪರ್ಸೆಂಟ್, ಅದರ ಮೇಲೆ ಸೆಸ್ಸು, ಸರ್‌ಚಾರ್ಜು, ಆಮೇಲೆ ನೋಂದಣಿ ಶುಲ್ಕ. ಇನ್ನು 30 ಲಕ್ಷ ದಾಟಿ 75 ಲಕ್ಷದವರೆಗಿನ ಗೃಹಸಾಲದಲ್ಲಿ ಬ್ಯಾಂಕು ಮನೆಯ ಬೆಲೆಯ 80 ಪರ್ಸೆಂಟ್ ಮೇಲೆ ಕೊಡುವ ಹಾಗಿಲ್ಲ. ಉಳಿದ 20 ಪರ್ಸೆಂಟ್, ಈ ಖರ್ಚು ಎರಡೂ ಕೈಯಲ್ಲಿರಬೇಕು. ಸರ್ ಮುಖ ಸಣ್ಣದಾಯಿತು. ಅಜ್ಜಿ ಎಲೆಅಡಿಕೆ ಮಡಿಸುತ್ತಾ, "ನನ್ನ ಎಫ್‌ಡಿ ಐತಲ್ಲ" ಅಂದರು. ನಮ್ಮ ದಾಖಲೆಯಲ್ಲಿ ಹೆಸರೇ ಇಲ್ಲದ ಅಜ್ಜಿ ಮನೆಗೆ ಹಣ ಹಾಕುವವರಲ್ಲಿ ಒಬ್ಬರಾಗಿದ್ದರು.

ಸಿಸ್ಟರ್ ಕೊನೆಗೆ ಮಾತಾಡಿದರು. "ಅಣ್ಣಾ, ನಂಗೆ ಒಂಬತ್ತರಿಂದ ಮೂರರವರೆಗೆ ಸದ್ದಿರಬಾರದು. ಇಷ್ಟೇ. ಮನೆ ಹೇಗಿದ್ರೂ ಹೊಂದ್ಕೊತೀನಿ."

ಆಫೀಸಿಗೆ ಬಂದು ಜರಡಿಗಳನ್ನು ಬದಲಾಯಿಸಿದೆ. ಹೊಸ ಜರಡಿ ಮೂರೇ: ಹಗಲು ಸದ್ದಿಲ್ಲದ ರಸ್ತೆ, ನೆಲಮಹಡಿಯಲ್ಲಿ ಬಾತ್‌ರೂಂ ಜೊತೆಗಿನ ಕೋಣೆ, ಬ್ಯಾಂಕು ಸಾಲ ಕೊಡುವಂಥ ಕಾಗದ. ಉಳಿದದ್ದಕ್ಕೆ ನೂರು ಅಂಕ ಹಂಚಿದೆ. ಬೆಲೆಗೆ 40, ಕೋಣೆಗಳಿಗೆ 20, ಬೋರು-ಸಂಪು ಸೇರಿ ನೀರಿಗೆ 20, ಪಾರ್ಕಿಂಗಿಗೆ 10, ದಿಕ್ಕಿಗೆ 5, ಏರಿಯಾಕ್ಕೆ 5. ಫೋನ್ ನಂಬರ್ ಎರಡಾಯಿತು. ಸಿಸ್ಟರ್ ನಂಬರಿಗೂ ಮೆಸೇಜ್ ಹೋಗಬೇಕು.

ಇಲ್ಲೊಂದು ಮಾತು. ಅಜ್ಜಿಗೆ ಮಂಡಿನೋವು, ಸಿಸ್ಟರ್ ರಾತ್ರಿ ಪಾಳಿ, ಹಗಲು ಇಂತಿಷ್ಟು ಹೊತ್ತು ಮಲಗಿರುತ್ತಾರೆ ಅಂತ ನಮ್ಮ ಹುಡುಗಿ ಷರಾ ಕಾಲಂನಲ್ಲಿ ಬರೆದಿದ್ದಳು. ಅಳಿಸಿಸಿದೆ. ಆ ಷರಾ ಆಫೀಸಿನ ಎಲ್ಲರ ಮೊಬೈಲಿನಲ್ಲೂ ಕಾಣುತ್ತದೆ. ಯಾರ ಮನೆಯಲ್ಲಿ ಯಾವಾಗ ಯಾರು ಮಲಗಿರುತ್ತಾರೆ ಅನ್ನೋದು ನಮ್ಮ ಕೈಯಲ್ಲಿ ಯಾಕಿರಬೇಕು? 'ನೆಲಮಹಡಿ ಕೋಣೆ ಬೇಕು' ಅಂತ ಇದ್ದರೆ ಸಾಕು, ಯಾಕೆ ಅಂತ ಬೇಡ. 2023ರಲ್ಲಿ ಕೇಂದ್ರ ಸರ್ಕಾರ ವೈಯಕ್ತಿಕ ಡಿಜಿಟಲ್ ಮಾಹಿತಿ ರಕ್ಷಣೆಗೆ ಕಾನೂನು ತಂದಿದೆ. ಕೆಲಸಕ್ಕೆ ಬೇಕಾದಷ್ಟೇ ಮಾಹಿತಿ ಇಟ್ಟುಕೊಳ್ಳಬೇಕು ಅನ್ನೋದು ಅದರ ತಿರುಳು. ಕಾನೂನು ಇಲ್ಲದಿದ್ದರೂ ಇದು ಮರ್ಯಾದೆಯ ವಿಷಯ. ಅದೇ ದಿನ ಫಾರಂನಲ್ಲಿದ್ದ 'ಯಾವ ಜನ' ಅನ್ನುವ ಕಾಲಂ ಕೂಡ ತೆಗೆಸಿದೆ. ಬಾಡಿಗೆ ಮನೆಯ ಮಾಲೀಕರು ಅದನ್ನು ಈಗಲೂ ಫೋನಿನಲ್ಲಿ ಕೇಳುತ್ತಾರೆ. ಕೇಳಿದಾಗೆಲ್ಲ ವಾದ ಮಾಡುವಷ್ಟು ಧೈರ್ಯ ನನಗೂ ಇಲ್ಲ. ಆದರೆ ಅದನ್ನು ಅಂಕ ಹಾಕುವ ಲೆಕ್ಕವನ್ನಾಗಿ ಮಾಡಿ ನಾನು ಕೊಡುವುದಿಲ್ಲ.

ಆಷಾಢದ ಮನೆ

ಹೊಸ ಕಾಲಂ ಸೇರಿಸುವುದು ಸುಲಭ, ತುಂಬುವುದು ಕಷ್ಟ. ಮಾರಾಟಕ್ಕಿದ್ದ ಸುಮಾರು 180 ಮನೆಗಳಲ್ಲಿ ಬೆಲೆ ಹೊಂದುವ ನಲವತ್ತರಷ್ಟನ್ನು ಆರಿಸಿದೆವು. ಹುಡುಗ ವಾರದ ದಿನ ಹನ್ನೊಂದು ಗಂಟೆಯಿಂದ ಶುರುಮಾಡಿ ಪ್ರತಿ ಮನೆಯ ಮುಂದೆ ಹತ್ತು ನಿಮಿಷ ಸ್ಕೂಟರ್ ನಿಲ್ಲಿಸಿ, ಕಿವಿಗೊಟ್ಟು, 'ಸದ್ದಿದೆ', 'ಸದ್ದಿಲ್ಲ' ಅಂತ ಗುರುತು ಹಾಕಿ ಬಂದ. ಒಂದು ವಾರ ಹಿಡಿಯಿತು. ಮತ್ತೆ ಬಟನ್ ಒತ್ತಿದೆವು. ಒಂದು ಮನೆಗೆ 95 ಅಂಕ ಬಂತು. ನಾರ್ತ್ ಫೇಸಿಂಗ್, ವಿದ್ಯಾನಗರ, ನೆಲಮಹಡಿಯಲ್ಲಿ ಕೋಣೆ, 59 ಲಕ್ಷ, ರಸ್ತೆಯಲ್ಲಿ ಒಂದು ನಾಯಿಯೂ ಬೊಗಳಿರಲಿಲ್ಲ. ಆಷಾಢದಲ್ಲಿ ಟೋಕನ್ ಅಡ್ವಾನ್ಸ್ ಕೊಡುವುದಿಲ್ಲ, ನೋಡಿಡೋಣ ಅಂತ ಕರೆದುಕೊಂಡು ಹೋದೆ. ಈ ಸಲ ನಾನೇ ಹೋಗಿದ್ದೆ, ಗರ್ವದಿಂದ.

ಸಿಸ್ಟರ್ ಗೇಟ್ ದಾಟಿ ಒಳಗೆ ಬಂದರು! ಅಷ್ಟಕ್ಕೇ ನಾನು ಗೆದ್ದೆ ಅಂದುಕೊಂಡೆ. ಅಜ್ಜಿ ಮಾತ್ರ ಹೊರಗೇ ಇದ್ದರು. ರಸ್ತೆ ಅಂಚಿನಲ್ಲಿ ಬಗ್ಗಿ ಏನನ್ನೋ ನೋಡುತ್ತಿದ್ದರು. ಹತ್ತಿರ ಹೋದೆ. ನೆಲದಲ್ಲಿ ಒಂದೇ ಅಂತರಕ್ಕೆ ಸಾಲಾಗಿ ಗುಂಡಿಗಳು, ಸುತ್ತ ಮಣ್ಣು ಗಟ್ಟಿಯಾಗಿದೆ.

"ಇವು ಚಪ್ಪರದ ಗುಂಡಿ ಅಲ್ಲೇನಪ್ಪಾ? ಇಲ್ಲಿ ಛತ್ರ ಐತಾ?"

ಇತ್ತು. ಹಿಂದಿನ ರಸ್ತೆಯಲ್ಲಿ ಕಲ್ಯಾಣ ಮಂಟಪ. ಮದುವೆ ಊಟದ ಶಾಮಿಯಾನ ಈ ರಸ್ತೆಯವರೆಗೂ ಬರುತ್ತದಂತೆ, ಪಕ್ಕದ ಮನೆಯವರು ಹೇಳಿದರು. ಆಷಾಢದಲ್ಲಿ ಮದುವೆ ಇಲ್ಲ. ಹುಡುಗ ಹೋಗಿ ಕಿವಿಗೊಟ್ಟದ್ದು ವರ್ಷದಲ್ಲೇ ತಣ್ಣಗಿರುವ ತಿಂಗಳಲ್ಲಿ. ಶ್ರಾವಣ ಬಂದರೆ ಬೆಳಿಗ್ಗೆ ಐದಕ್ಕೇ ಓಲಗ. ಅವನ ಗುರುತು ಸುಳ್ಳಲ್ಲ. ಅದಕ್ಕೆ ತಾರೀಕು ಇರಲಿಲ್ಲ, ಅಷ್ಟೇ. ಬೇಸಿಗೆ ರಜೆಯಲ್ಲಿ ನೋಡಿದ ಶಾಲೆಯೂ ಹೀಗೇ. ಆಮೇಲೆ ಸದ್ದಿನ ಕಾಲಂ ಪಕ್ಕದಲ್ಲಿ 'ಯಾವ ತಿಂಗಳು ನೋಡಿದ್ದು' ಅನ್ನುವ ಕಾಲಂ ಬಂತು. ಜೊತೆಗೆ, ಇನ್ನೂರು ಮೀಟರಿನೊಳಗೆ ಶಾಲೆ, ಮಂಟಪ, ಗಿರಣಿ ಇದೆಯೇ ಅಂತ ಇನ್ನೊಂದು. ಕಿವಿಯನ್ನು ನಂಬುವುದಕ್ಕಿಂತ ಅದು ವಾಸಿ.

ಎರಡನೇ ಸ್ಥಾನದಲ್ಲಿದ್ದ ಮನೆಯ ಬೆಲೆ 48 ಲಕ್ಷ. ಅಷ್ಟು ಕಡಿಮೆ ಯಾಕೆ ಅಂತ ನೋಡಿದರೆ ಖಾತೆಯ ಕಾಲಂ ಖಾಲಿ. ಸಾಫ್ಟ್‌ವೇರ್ ಖಾಲಿ ಕಾಲಂ ಅನ್ನು 'ಅಡ್ಡಿ ಇಲ್ಲ' ಅಂತ ತಿಳಿದುಕೊಂಡು ಜರಡಿಯಿಂದ ಒಳಗೆ ಬಿಟ್ಟಿತ್ತು. ವಿಚಾರಿಸಿದರೆ ಪಂಚಾಯಿತಿ ವ್ಯಾಪ್ತಿಯ ರೆವಿನ್ಯೂ ಸೈಟು, ಅಂದರೆ ಹೊಲವನ್ನು ಸರಿಯಾಗಿ ಪರಿವರ್ತನೆ ಮಾಡಿಸದೆ ಸೈಟು ಮಾಡಿದ್ದು. ಪಂಚಾಯಿತಿ ಆಸ್ತಿಗಳ ದಾಖಲೆಯಾದ ಇ-ಸ್ವತ್ತಿನಲ್ಲಿ ಅಂಥ ಆಸ್ತಿಗೆ ಕೊಡುವ 11ಬಿ ನಮೂನೆ. ಬ್ಯಾಂಕಿನವರು ಒಪ್ಪಲಿಲ್ಲ. ಖಾಲಿ ಇದ್ದರೆ 'ಕೇಳಬೇಕು' ಅಂತ ಬರುವ ಹಾಗೆ ಬದಲಾಯಿಸಿದೆವು. ಈಗ ಆ ಪಟ್ಟಿಯೇ ದಿನ ಬೆಳಿಗ್ಗೆ ನಮ್ಮ ಹುಡುಗಿಯ ಮೊದಲ ಕೆಲಸ.

ಮೂರನೆಯದರಲ್ಲಿ ಸಿಕ್ಕಿಬಿದ್ದಿದ್ದು ದಾವಣಗೆರೆಯದ್ದೇ ತೊಂದರೆ. ಆಸ್ಪತ್ರೆಯಿಂದ ಎರಡು ಕಿಲೋಮೀಟರಿನೊಳಗೆ ಅಂತ ಸಾಫ್ಟ್‌ವೇರ್ ತೋರಿಸಿತು. ಅದು ನಕ್ಷೆಯ ಮೇಲೆ ನೇರ ಗೆರೆ ಎಳೆದು ಅಳೆಯುತ್ತದೆ. ಮಧ್ಯದಲ್ಲಿ ಬೆಂಗಳೂರು-ಹುಬ್ಬಳ್ಳಿ ರೈಲು ಮಾರ್ಗ ಊರನ್ನು ಎರಡು ಹೋಳು ಮಾಡಿದೆ. ಹಳಿ ದಾಟಲು ಎಲ್ಲೆಂದರಲ್ಲಿ ಆಗುವುದಿಲ್ಲ. ಗೇಟು ಇಲ್ಲವೇ ಕೆಳಸೇತುವೆ ಹುಡುಕಿಕೊಂಡು ಸುತ್ತಬೇಕು. ರಾತ್ರಿಯಿಡೀ ನಿಂತು ಕೆಲಸ ಮಾಡಿ ಬರುವವರಿಗೆ ಆ ಸುತ್ತು ದೊಡ್ಡದು. ಕಿಲೋಮೀಟರಿನ ವೃತ್ತ ಬಿಟ್ಟು ಪ್ರತಿ ಮನೆಗೂ 'ಹಳಿಯ ಈ ಕಡೆ', 'ಆ ಕಡೆ' ಅಂತ ಹಾಕಿದೆವು. ಸಾಫ್ಟ್‌ವೇರ್ ಕಂಪನಿಯ ಹುಡುಗ ಫೋನಿನಲ್ಲಿ ನಕ್ಕ. ನಗಲಿ ಬಿಡಿ, ಅವನು ಈ ಊರಲ್ಲಿ ಗೇಟ್ ಬಿದ್ದಾಗ ನಿಂತವನಲ್ಲ.

ವಕೀಲರ ಮನೆ

ಆಷಾಢ ಮುಗಿಯುವ ಹೊತ್ತಿಗೆ, ಇಷ್ಟೆಲ್ಲ ಸೋಸಿದ ಮೇಲೆ, ಎಸ್.ಎಸ್. ಬಡಾವಣೆಯ ಒಂದು ಹಳೇ ಮನೆ ಮೇಲೆ ಬಂತು. 80 ಅಂಕ. ಏಳು ತಿಂಗಳಿಂದ ನಮ್ಮಲ್ಲಿತ್ತು. ಒಬ್ಬ ಗಿರಾಕಿಗೂ ಮ್ಯಾಚ್ ಆಗಿರಲಿಲ್ಲ, ಒಬ್ಬರಿಗೂ ತೋರಿಸಿರಲಿಲ್ಲ.

ಯಾಕೆ ಅಂತ ನೋಡಿದೆ. ವೆಸ್ಟ್ ಫೇಸಿಂಗ್, ದಿಕ್ಕಿನ ಜರಡಿಯಲ್ಲಿ ಹೋಗಿತ್ತು. 63 ಲಕ್ಷ, ಮೊದಲಿನ ಬೆಲೆಯ ಗೆರೆಯಲ್ಲಿ ಹೋಗಿತ್ತು. ಎರಡು ಬೆಡ್‌ರೂಂ, ಕೋಣೆಯ ಜರಡಿಯಲ್ಲೂ ಹೋಗಿತ್ತು. ಆದರೆ ಆ ಮನೆಗೆ ಮೂರನೇ ಕೋಣೆ ಇತ್ತು. ಮಾಲೀಕರು ವಕೀಲಿ ಮಾಡುತ್ತಿದ್ದವರು. ವರಾಂಡದ ಪಕ್ಕದಲ್ಲಿ ಕಕ್ಷಿದಾರರು ಬಂದು ಕೂರಲು ಆಫೀಸ್ ರೂಂ ಕಟ್ಟಿಸಿದ್ದರು. ಮಂಚ ಹಾಕದ ಕೋಣೆ ಬೆಡ್‌ರೂಂ ಹೇಗಾಗುತ್ತದೆ ಅಂತ ಅವರು ಎರಡು ಅಂತಲೇ ಬರೆಸಿದ್ದರು. ವಕೀಲರ ಲೆಕ್ಕ ವಕೀಲರದ್ದು. 30-50 ಸೈಟು, ಒಂದೇ ಅಂತಸ್ತು, ಹನ್ನೊಂದು ಚದರದ (1100 ಚದರ ಅಡಿಯ) ಮನೆ. ಬಾಗಿಲಿಗೆ ಎರಡೇ ಮೆಟ್ಟಿಲು. ಮುಂದೆ ಹೋಗಲು ದಾರಿಯಿಲ್ಲದ ರಸ್ತೆಯ ಕೊನೇ ಮನೆ. ಒಂದು ಪಕ್ಕ ಖಾಲಿ ಸೈಟು.

ನಾಲ್ಕೂ ಜನ ಬಂದರು. ಭೇಟಿ ಒಂದು ಗಂಟೆ ಹತ್ತು ನಿಮಿಷ. ಅಜ್ಜಿ ಮೂರು ಕೋಣೆಗೂ ಹೋಗಿ ಬಂದು, ಬಾತ್‌ರೂಮಿನ ಹೊಸ್ತಿಲ ಎತ್ತರವನ್ನು ಕಾಲಿನಲ್ಲೇ ಅಳೆದರು. ಮಗಳು ಆಫೀಸ್ ರೂಮಿನ ಬಾಗಿಲು ಹಾಕಿಕೊಂಡು ಒಳಗಿನಿಂದ ಕೂಗಿದಳು, ಕೇಳಿಸುತ್ತಾ ಅಂತ. ಸಿಸ್ಟರ್ ಹಿಂದಿನ ಕೋಣೆಯಲ್ಲಿ ಕಿಟಕಿ ಮುಚ್ಚಿ ನಿಂತಿದ್ದರು, ಏನೂ ಮಾತಾಡದೆ. ಸರ್ ಒಬ್ಬರಿಗೇ ಸ್ವಲ್ಪ ಬೇಜಾರು. ವಿದ್ಯಾನಗರ ತಪ್ಪಿತು ಅಂತ.

ಶ್ರಾವಣದಲ್ಲಿ ಟೋಕನ್ ಆಯಿತು. ಮಾತುಕತೆಯಲ್ಲಿ 58 ಲಕ್ಷ 50 ಸಾವಿರಕ್ಕೆ ನಿಂತಿತು. ಪಾಲಿಕೆಯ ಖಾತೆ, ಆಸ್ತಿಯ ಮೇಲೆ ಸಾಲ-ಋಣ ಇದೆಯೇ ಅಂತ ತೋರಿಸುವ ಇಸಿ ಎಲ್ಲ ಸರಿ ಇತ್ತು. ಬ್ಯಾಂಕಿನ ವಕೀಲರ ಅಭಿಪ್ರಾಯ, ಬೆಲೆಕಟ್ಟುವುದು ಎಲ್ಲ ಸೇರಿ ತಿಂಗಳು ದಾಟಿತು. ಅಷ್ಟರಲ್ಲಿ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ 1 ಪರ್ಸೆಂಟಿನಿಂದ 2 ಪರ್ಸೆಂಟಿಗೆ ಏರಿತು. ಆ ಒಂದು ಪರ್ಸೆಂಟೇ 58,500 ರೂಪಾಯಿ. ಇದರ ಜೊತೆ 50 ಲಕ್ಷ ಮುಟ್ಟಿದ ಆಸ್ತಿಗೆ ಕೊಳ್ಳುವವರು ಮಾರುವವರ ಲೆಕ್ಕದ ಆದಾಯ ತೆರಿಗೆ ಅಂತ 1 ಪರ್ಸೆಂಟ್ ಟಿಡಿಎಸ್ ಹಿಡಿದು ಕಟ್ಟಬೇಕು. ಅದು ಮಾರುವವರ ದುಡ್ಡಿನಲ್ಲೇ ಹೋಗುತ್ತದೆ, ಆದರೆ ಮೊದಲೇ ಹೇಳದಿದ್ದರೆ ರಿಜಿಸ್ಟರ್ ದಿನ ಜಗಳ ಗ್ಯಾರಂಟಿ. ಹೆಚ್ಚಾದ ಶುಲ್ಕಕ್ಕೂ ಅಜ್ಜಿಯ ಎಫ್‌ಡಿಯೇ ಬಂತು.

ಕಾರ್ತಿಕದಲ್ಲಿ ಗೃಹಪ್ರವೇಶ. ಹರಿಹರದ ಅಣ್ಣನೂ ಬಂದಿದ್ದರು. ಬಾಗಿಲಿನ ದಿಕ್ಕಿನ ಬಗ್ಗೆ ಒಂದು ಮಾತೂ ಆಡಲಿಲ್ಲ, ಹೋಳಿಗೆ ಮಾತ್ರ ಎರಡು ಸಲ ಹಾಕಿಸಿಕೊಂಡರು.

ಡಿಸೆಂಬರಿನಲ್ಲಿ ಒಂದು ದಿನ ಬೆಳಿಗ್ಗೆ ಹತ್ತೂವರೆಗೆ ಸಿಸ್ಟರ್ ಫೋನ್ ಬಂತು. ಆ ಹೊತ್ತಿಗೆ ಅವರು ಮಲಗಿರಬೇಕು, ಏನಾಯಿತಪ್ಪಾ ಅಂತ ಗಾಬರಿಯಿಂದ ಎತ್ತಿದೆ. ಅವರ ಮಾತಿಗಿಂತ ಹಿಂದಿನ ಸದ್ದೇ ಜೋರಾಗಿ ಕೇಳಿಸುತ್ತಿತ್ತು. "ಅಣ್ಣಾ, ಪಕ್ಕದ ಖಾಲಿ ಸೈಟಲ್ಲಿ ಬೋರ್ ಕೊರೀತಾ ಇದಾರೆ. ಮನೆ ಕಟ್ತಾರಂತೆ. ಇದಕ್ಕೆ ನಿಮ್ಮ ಕಂಪ್ಯೂಟರಲ್ಲಿ ಕಾಲಂ ಇರ್ಲಿಲ್ವಾ?"

ಇರಲಿಲ್ಲ. ಆ ಮಧ್ಯಾಹ್ನವೇ ಸೇರಿಸಿದೆ.